ಬ್ರೀಯ ತುದಿ

ಮಿತ್ರರೊಡನೆ ಹೊರಗೆ ಊಟಕ್ಕೆ ಕುಳಿತಾಗ ನನ್ನ ಮನಸ್ಸನ್ನು ಕೆಡಿಸುವ ಸಂಗತಿಗಳು ಬಹಳವಿಲ್ಲ. ಬಡಿಸುವವನು ತಡಮಾಡಲಿ, ಪಕ್ಕದ ಮೇಜಿನ ಗದ್ದಲ ಮುಗಿಲು ಮುಟ್ಟಲಿ, ಅವೆಲ್ಲವೂ ಆ ಸಂತೋಷದ ಅಂಗಗಳೇ. ಆದರೆ ಪ್ಯಾರಿಸ್ಸಿನ ಓಣಿಯೊಂದರ ಸಣ್ಣ ಬಿಸ್ತ್ರೋದಲ್ಲಿ, ಮುಖ್ಯ ಭೋಜನವು ಮುಗಿದು ಸಿಹಿಯು ಇನ್ನೂ ಬಾರದಿರುವ ಆ ಸುಖದ ನಡುಗಾಲದಲ್ಲಿ, ಮರದ ಹಲಗೆಯ ಮೇಲೆ ನಾಲ್ಕಾರು ಬಗೆಯ ಚೀಸುಗಳು ಬಂದೊಡನೆಯೇ, ಹರಟೆಯ ಭರದಲ್ಲಿ ಯಾರಾದರೊಬ್ಬರು ಬ್ರೀಯ ತ್ರಿಕೋಣದ ಚೂಪು ತುದಿಯನ್ನು ಅಡ್ಡಲಾಗಿ ಕತ್ತರಿಸಿ ತಮ್ಮ ತಟ್ಟೆಗೆ ಇಳಿಸಿಕೊಂಡರೆಂದರೆ, ನಾನು ಸುಮ್ಮನಿರಲಾರೆ. ಬ್ರೀ ಎಂಬುದು ಚಪ್ಪಟೆಯಾದ ಚಕ್ರ. ಆ ತುದಿಯೇ ಚಕ್ರದ ಹೃದಯಭಾಗ. ಅದನ್ನು ಮೊದಲಿನವರು ಒಯ್ದರೆ ಕಡೆಯವರಿಗೆ ಉಳಿಯುವುದು ಬಿಳಿಯ ಬೂಷ್ಟು ಕಟ್ಟಿದ ಹೊರ ಅಂಚು. ತುದಿಯಿಂದ ಅಂಚಿನವರೆಗೆ ಉದ್ದಕ್ಕೆ ಸೀಳಿದರೆ ಎಲ್ಲರಿಗೂ ಎಲ್ಲವೂ ದಕ್ಕುತ್ತದೆ.

“ಇರ್ಲಿ ಬಿಡ್ರಿ ರಾಯರ, ತುದಿ ಆದ್ರೇನು, ಅಂಚ ಆದ್ರೇನು, ಹಾಲು ಒಂದ ಅಲ್ಲೇನ್ರಿ?” ಎಂದರು ಅಲ್ಲಿಯೇ ನೆಲೆಸಿರುವ ಧಾರವಾಡದ ಮಿತ್ರರು, ಚಾಕುವನ್ನು ಕೆಳಗಿಡದೆಯೇ.

ಹಾಲು ಒಂದೇ ಎಂದು ಹೇಗೆ ಒಪ್ಪಲಿ? ಅದೇ ಹಲಗೆಯ ಮತ್ತೊಂದು ಮೂಲೆಯಲ್ಲಿ ಕೊಂತೇ ಎಂಬ ಚೀಸು ಇತ್ತಲ್ಲ! ಅದರ ತವರಾದ, ಸ್ವಿಟ್ಸರ್ಲೆಂಡಿನ ಗಡಿಗೆ ತಾಗಿದ ಜುರಾ ಪರ್ವತಪ್ರದೇಶದಲ್ಲಿ ಚಳಿಗಾಲ ದೀರ್ಘ, ಹಿಮ ದಟ್ಟ. ಬೇಸಗೆಯ ಹಾಲನ್ನು ಆ ಕಷ್ಟದ ದಿನಗಳಿಗೆ ಕಾದಿರಿಸಬೇಕಾದರೆ ಬಹುಕಾಲ ಬಾಳುವ ದೊಡ್ಡ ಗಟ್ಟಿ ಚೀಸೇ ಆಗಬೇಕು. ಸುಮಾರು 40 ಕಿಲೋ ತೂಗುವ ಅಂಥದೊಂದು ಚಕ್ರಕ್ಕೆ ಸುಮಾರು 400 ಲೀಟರು ಹಾಲು ಬೇಕು. ಬೆರಳೆಣಿಕೆಯ ಹಸುಗಳನ್ನು ಕಟ್ಟಿಕೊಂಡ ಬಡ ಗೃಹಸ್ಥನಿಗೆ ಅದೆಲ್ಲಿಂದ ಒದಗೀತು? ಆದಕಾರಣ 13ನೆಯ ಶತಮಾನದಷ್ಟು ಹಿಂದೆಯೇ ಆ ಹಳ್ಳಿಗರು ತಂತಮ್ಮ ಹಾಲನ್ನು ಒಂದೆಡೆ ಸುರಿದು, ಕೂಡಿ ಚೀಸು ಮಾಡುವ ಪದ್ಧತಿಯನ್ನು ಕಂಡುಕೊಂಡರು. ಫ್ರುಯಿತಿಯೇರ್ ಎಂದು ಕರೆಯುವ ಆ ಚೀಸುಮನೆಗಳಲ್ಲಿ ಇಂದಿಗೂ ನೆರೆಹೊರೆಯ ಕೊಟ್ಟಿಗೆಗಳ ಹಸಿ ಹಾಲು ಒಂದೇ ತಾಮ್ರದ ಹಂಡೆಗೆ ಬೀಳುತ್ತದೆ. ಒಬ್ಬನ ಕೊಟ್ಟಿಗೆಯ ಅಶುಚಿಯು ಇಡೀ ಹಂಡೆಯನ್ನೇ ಕೆಡಿಸಬಲ್ಲದಾದ್ದರಿಂದ, ಅಲ್ಲಿ ಪ್ರತಿಯೊಬ್ಬನ ಅನ್ನವೂ ನೆರೆಯವನ ಶ್ರದ್ಧೆಯನ್ನು ನಂಬಿ ನಿಂತಿದೆ. ಅನಂತರ ಆ ಚಕ್ರಗಳು ಸ್ಪ್ರೂಸ್ ಮರದ ಹಲಗೆಗಳ ಮೇಲೆ, ನಾಲ್ಕು ತಿಂಗಳಿಗೆ ಕಡಿಮೆಯಿಲ್ಲದೆ, ಬಹುಸಲ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ, ಉಪ್ಪು ಸವರಿಸಿಕೊಳ್ಳುತ್ತ, ಮಗ್ಗುಲು ಬದಲಿಸಿಕೊಳ್ಳುತ್ತ ಮಾಗುತ್ತವೆ. ಇಷ್ಟು ಮನೆಗಳು ಕೂಡಿ ಮಾಡಿದ ವಸ್ತುವನ್ನು ಒಂದು ಮೇಜಿನ ಸುತ್ತ ಕುಳಿತ ನಾವು ಹಂಚಿಕೊಳ್ಳಲಾರೆವೆಂದರೆ, ಗೆಳೆತನಕ್ಕೆ ಅರ್ಥವೇನು?

ಧಾರವಾಡದವರು ನಕ್ಕು ಕೊಂತೇಯ ಹೋಳೊಂದನ್ನು ಮೊದಲು ನನಗೇ ಬಡಿಸಿದರು. ಒಡನೆಯೇ ಬೇರೊಂದು ವಾದ ಹೊತ್ತಿಕೊಂಡಿತು: ಹಸುರು ಮೇದ ಹಸುಗಳ ಬೇಸಗೆಯ ಹಳದಿ ಕೊಂತೇ ಮೇಲೋ, ಒಣಹುಲ್ಲಿನ ಚಳಿಗಾಲದ ಬಿಳಿಚು ಕೊಂತೇ ಮೇಲೋ ಎಂದು. ಮೇಜು ಎರಡು ಪಕ್ಷವಾಯಿತು. ನಾನು ಬೇಸಗೆಯ ಪಕ್ಷ.