ವಾಷಿಂಗ್ಟನ್: ಒಂದು ಹಳ್ಳಿಯ ಹೆಸರು ನಡೆದು ಬಂದ ದಾರಿ

ವಾಷಿಂಗ್ಟನ್ ಎಂದೊಡನೆ ನಮಗೆ ನೆನಪಾಗುವುದು ಅಮೆರಿಕದ ರಾಜಧಾನಿ. ಅದರ ಹಿಂದೆಯೇ, ಒಂದು ಡಾಲರ್ ನೋಟಿನ ಮೇಲೆ ತುಟಿ ಬಿಗಿದು ಕುಳಿತ ಜಾರ್ಜ್ ವಾಷಿಂಗ್ಟನ್ನರ ಮುಖ. ಸಿನಿಮಾ ನೋಡುವವರಿಗಾದರೆ ನಟ ಡೆಂಜೆಲ್ ವಾಷಿಂಗ್ಟನ್. ಆದರೆ ಈ ಹೆಸರಿನ ತವರು ಅಮೆರಿಕವಲ್ಲ. ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ನ್ಯೂಕ್ಯಾಸಲ್ ನಗರದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ವಾಷಿಂಗ್ಟನ್ ಎಂಬ ಊರಿದೆ. ರಾಜಧಾನಿ ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಅದು ಅಲ್ಲಿತ್ತು.

ಅಲ್ಲಿಂದ ಹೊರಟ ಹೆಸರು ಇಂದು ಎಲ್ಲಿ ನೆಲೆಸಿದೆ ಎಂದು ಹುಡುಕಿದರೆ ಅಚ್ಚರಿ ಕಾದಿರುತ್ತದೆ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ನಡೆದ ಜನಗಣತಿಯ ಪ್ರಕಾರ ವಾಷಿಂಗ್ಟನ್ ಎಂಬ ಮನೆತನದ ಹೆಸರುಳ್ಳವರು ಸುಮಾರು 1 ಲಕ್ಷ 63 ಸಾವಿರ ಮಂದಿ. ಅವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಆಫ್ರಿಕನ್ ಮೂಲದವರು! 2010ರ ಜನಗಣತಿಯಲ್ಲಿ ಈ ಹೆಸರಿನವರ ಸಂಖ್ಯೆ 1 ಲಕ್ಷ 77 ಸಾವಿರ ದಾಟಿತ್ತು. ಆಗಲೂ ಕಪ್ಪು ಜನಾಂಗದವರ ಪಾಲು ಶೇಕಡಾ 87ಕ್ಕಿಂತ ಹೆಚ್ಚಾಗಿತ್ತು. ಇಂಗ್ಲಿಷ್ ಹಳ್ಳಿಯೊಂದರ ಹೆಸರು ಗುಲಾಮರ ಮಕ್ಕಳು, ಮೊಮ್ಮಕ್ಕಳ ಹೆಸರಾದದ್ದು ಹೇಗೆ? ಅದು ಸಾಗಿ ಬಂದ ದಾರಿಯಲ್ಲೇ ನಾವೂ ಒಮ್ಮೆ ಹೋಗಿ ಬರೋಣ.

ಹ್ವಾಸನ ಮಂದಿಯ ಊರು

ಪ್ರಾಚೀನ ಇಂಗ್ಲಿಷಿನಲ್ಲಿ 'ಟೂನ್' ಎಂದರೆ ಮೊದಲಿಗೆ ಬೇಲಿ ಹಾಕಿದ ಜಾಗ, ಆಮೇಲೆ ಹೊಲಮನೆ, ಕೊನೆಗೆ ಊರು. ಇಂಗ್ಲೆಂಡಿನ ಊರುಗಳ ಕೊನೆಗೆ ಹೆಜ್ಜೆಹೆಜ್ಜೆಗೂ ಕಾಣುವ 'ಟನ್' ಇದೇ. 'ಇಂಗ' ಎಂದರೆ ಇಂಥವನ ಕಡೆಯ ಜನ. ಹ್ವಾಸ ಎಂಬ ಹೆಸರಿನ ಒಬ್ಬ ಆಂಗ್ಲೋ-ಸ್ಯಾಕ್ಸನ್ ಯಜಮಾನನಿದ್ದ. ಅವನ ಕಡೆಯವರು ನೆಲೆಸಿದ ಊರು ವಾಷಿಂಗ್ಟನ್ ಆಯಿತು ಎಂದು ವಿದ್ವಾಂಸರು ಅರ್ಥ ಹೇಳುತ್ತಾರೆ. ಆ ಹ್ವಾಸನ ಬಗ್ಗೆ ನಮಗೆ ಉಳಿದಿರುವುದು ಅವನ ಹೆಸರೊಂದೇ.

ಊರ ಹೆಸರು ಮನೆತನಕ್ಕೆ ಅಂಟಿದ್ದು ಹನ್ನೆರಡನೆಯ ಶತಮಾನದಲ್ಲಿ. ಸಮೀಪದ ಹಾರ್ಟ್‌ಬರ್ನ್ ಎಂಬ ಹಳ್ಳಿ ವಿಲಿಯಂ ಎಂಬ ಸರದಾರನ ವಶದಲ್ಲಿತ್ತು. ಆದ್ದರಿಂದ ಅವನು ವಿಲಿಯಂ ಡಿ ಹಾರ್ಟ್‌ಬರ್ನ್. ಅವನು ಆ ಹಳ್ಳಿಯನ್ನು ಡರ್ಹ್ಯಾಮಿನ ಬಿಷಪ್ಪನಿಗೆ ಬಿಟ್ಟುಕೊಟ್ಟು, ಬದಲಿಗೆ ವಾಷಿಂಗ್ಟನ್ನನ್ನು ಪಡೆದ. 1183ರಲ್ಲಿ ಬಿಷಪ್ಪನ ಜಮೀನುಗಳ ಲೆಕ್ಕ ಬರೆದಿಟ್ಟ 'ಬೋಲ್ಡನ್ ಬುಕ್' ಎಂಬ ದಾಖಲೆಯಲ್ಲಿ ಈ ವಿನಿಮಯ ನಮೂದಾಗಿದೆ. ಜಮೀನು ಬದಲಾದೊಡನೆ ವಿಲಿಯಮ್ಮನ ಹೆಸರೂ ಬದಲಾಯಿತು. ಊರ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತವರು ನಮ್ಮ ಉತ್ತರ ಕರ್ನಾಟಕದಲ್ಲೂ ಬೇಕಾದಷ್ಟು ಮಂದಿ ಇದ್ದಾರಾದ್ದರಿಂದ ಇದು ನಮಗೆ ವಿಚಿತ್ರವೆನಿಸದು. ಆದರೆ ಒಂದು ಮಾತು ಮಾತ್ರ ತಮಾಷೆಯದು: ಅಂದು ಆ ವಿನಿಮಯ ನಡೆಯದಿದ್ದರೆ ಅಮೆರಿಕದ ರಾಜಧಾನಿಯನ್ನು ಇಂದು ಹಾರ್ಟ್‌ಬರ್ನ್ ಎಂದು ಕರೆಯಬೇಕಾಗುತ್ತಿತ್ತೇನೋ. ಇಂಗ್ಲಿಷಿನಲ್ಲಿ ಆ ಪದಕ್ಕೆ ಎದೆಯುರಿ ಎಂಬ ಅರ್ಥವೂ ಇದೆ!

ವಾಷಿಂಗ್ಟನ್ ಎಂಬ ಹೆಸರಿನ ಇನ್ನೊಂದು ಹಳ್ಳಿ ದಕ್ಷಿಣದ ಸಸೆಕ್ಸ್ ಪ್ರಾಂತ್ಯದಲ್ಲೂ ಇದೆ. ಹಾಗಾಗಿ ಇಂಗ್ಲೆಂಡಿನ ವಾಷಿಂಗ್ಟನ್ನರೆಲ್ಲ ಒಂದೇ ಬಳ್ಳಿಯ ಕಾಯಿಗಳೆಂದು ತಿಳಿಯುವಂತಿಲ್ಲ. ಆದರೆ ಜಾರ್ಜ್ ವಾಷಿಂಗ್ಟನ್ನರ ಬಳ್ಳಿ ಮಾತ್ರ ಈ ಈಶಾನ್ಯದ ಊರಿಗೇ ಹೋಗಿ ಮುಟ್ಟುತ್ತದೆ.

ಇಂದಿನ ವಾಷಿಂಗ್ಟನ್ ಸುತ್ತ ಕಲ್ಲಿದ್ದಲ ಗಣಿಗಳಿದ್ದವು. 1964ರಲ್ಲಿ ಇದನ್ನು 'ಹೊಸ ಪಟ್ಟಣ'ವೆಂದು ಘೋಷಿಸಲಾಯಿತು. ಗಣಿಗಳ ಕಾಲ ಮುಗಿದು, 1986ರಲ್ಲಿ ಹತ್ತಿರದಲ್ಲೇ ಜಪಾನಿನ ನಿಸಾನ್ ಕಾರು ಕಾರ್ಖಾನೆ ಬಂತು. ಈ ಹೊಸತುಗಳ ನಡುವೆ ಹಳೆಯ ಹಳ್ಳಿಯ ಚರ್ಚಿನ ಪಕ್ಕದಲ್ಲಿ 'ಓಲ್ಡ್ ಹಾಲ್' ಎಂಬ ಕಲ್ಲಿನ ಮನೆ ನಿಂತಿದೆ. ವಿಲಿಯಮ್ಮನ ಕಾಲದ ಮನೆಯಲ್ಲ. ಈಗ ಕಾಣುವುದು ಬಹುಪಾಲು ಹದಿನೇಳನೆಯ ಶತಮಾನದ್ದು. ಆದರೆ ಒಳಗೆ ಹಳೆಯ ಕಟ್ಟಡದ ಕುರುಹುಗಳಿವೆ. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅದು ಬಡ ಕುಟುಂಬಗಳ ವಠಾರವಾಗಿತ್ತು. ಆಮೇಲೆ ವಾಸಕ್ಕೆ ಯೋಗ್ಯವಲ್ಲವೆಂದು ಸಾರಿ, ಕೆಡವುವ ಹಂತಕ್ಕೂ ಬಂದಿತ್ತು. 1936ರಲ್ಲಿ ಫ್ರೆಡ್ ಹಿಲ್ ಎಂಬ ಸ್ಥಳೀಯ ಶಾಲಾ ಮಾಸ್ತರರು ಊರವರನ್ನು ಸೇರಿಸಿ ಸಮಿತಿ ಕಟ್ಟಿ ಅದನ್ನು ಉಳಿಸಿದರು. 1955ರಲ್ಲಿ ದುರಸ್ತಿಯಾದ ಮನೆಯ ಬಾಗಿಲು ತೆರೆಯಿತು. 1957ರಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಸೇರಿತು. 1977ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇಲ್ಲಿಗೆ ಬಂದು ಹೋದರು.

ಉಣ್ಣೆಯಿಂದ ಹೊಗೆಸೊಪ್ಪಿಗೆ

ಮನೆತನದ ಒಂದು ಕವಲು ಲ್ಯಾಂಕಾಷೈರಿಗೆ ಹೋಯಿತು. ಅಲ್ಲಿಂದ ಲಾರೆನ್ಸ್ ವಾಷಿಂಗ್ಟನ್ ಎಂಬಾತ ದಕ್ಷಿಣಕ್ಕೆ ಬಂದು, ನಾರ್ಥಾಂಪ್ಟನ್ನಿನಲ್ಲಿ ಉಣ್ಣೆ ವ್ಯಾಪಾರದಿಂದ ಮುಂದೆ ಬಂದು, ಎರಡು ಬಾರಿ ಆ ಊರಿನ ಮೇಯರ್ ಆದ. ದೊರೆ ಎಂಟನೇ ಹೆನ್ರಿ ಕ್ರೈಸ್ತ ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿ ಮಾರಿದ ಕಾಲ ಅದು. 1539ರಲ್ಲಿ ಲಾರೆನ್ಸ್ ಅಂಥದೇ ಒಂದು ಜಮೀನನ್ನು ಸಲ್‌ಗ್ರೇವ್ ಎಂಬ ಹಳ್ಳಿಯಲ್ಲಿ ಕೊಂಡು ಮನೆ ಕಟ್ಟಿಸಿದ. 'ಸಲ್‌ಗ್ರೇವ್ ಮ್ಯಾನರ್' 1921ರಿಂದ ಸಾರ್ವಜನಿಕರಿಗೆ ತೆರೆದಿರುವ ಸ್ಮಾರಕ. ಅದರ ಬಾಗಿಲ ಮೇಲೆ ಮನೆತನದ ಲಾಂಛನ ಕೆತ್ತಲಾಗಿದೆ: ಮೂರು ನಕ್ಷತ್ರ, ಎರಡು ಅಡ್ಡಪಟ್ಟಿ. ಅಮೆರಿಕದ ರಾಜಧಾನಿಯ ಬಾವುಟದಲ್ಲಿ 1938ರಿಂದ ಇರುವ ಚಿತ್ರವೂ ಇದೇ.

ಈ ವಂಶದ ಇನ್ನೊಬ್ಬ ಲಾರೆನ್ಸ್ ಎಸೆಕ್ಸ್ ಪ್ರಾಂತ್ಯದಲ್ಲಿ ಪಾದ್ರಿಯಾಗಿದ್ದ. ದೊರೆಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ನಡೆದಾಗ, 1643ರಲ್ಲಿ, ಪಾರ್ಲಿಮೆಂಟಿನ ಪಕ್ಷದವರು ಕುಡುಕನೆಂಬ ಆಪಾದನೆ ಹೊರಿಸಿ ಅವನ ಕೆಲಸ ಕಿತ್ತುಕೊಂಡರು. ಮಕ್ಕಳಿಗೆ ಊರಲ್ಲಿ ದಾರಿ ಉಳಿಯಲಿಲ್ಲ. ಮಗ ಜಾನ್ ಹಡಗು ಹತ್ತಿ 1657ರ ಹೊತ್ತಿಗೆ ವರ್ಜೀನಿಯದಲ್ಲಿದ್ದ. ಅಲ್ಲಿ ನೆಲೆ ನಿಂತು ಹೊಗೆಸೊಪ್ಪು ಬೆಳೆದು ಜಮೀನ್ದಾರನಾದ. ಈ ಜಾನನ ಮರಿಮಗನೇ 1732ರಲ್ಲಿ ಹುಟ್ಟಿದ ಜಾರ್ಜ್ ವಾಷಿಂಗ್ಟನ್.

ಒಂದೇ ಹೆಸರಿನವರ ಪಟ್ಟಿ

ವರ್ಜೀನಿಯದ ಪೊಟೊಮ್ಯಾಕ್ ನದಿಯ ದಂಡೆಯಲ್ಲಿ ಜಾರ್ಜ್ ವಾಷಿಂಗ್ಟನ್ನರ ಮೌಂಟ್ ವರ್ನನ್ ಭವನವಿದೆ. ಅವರು ತೀರಿಕೊಂಡ 1799ರಲ್ಲಿ ಆ ಎಸ್ಟೇಟಿನಲ್ಲಿ 317 ಗುಲಾಮರಿದ್ದರು. ಅವರಲ್ಲಿ 123 ಮಂದಿ ವಾಷಿಂಗ್ಟನ್ನರ ಸ್ವಂತ 'ಆಸ್ತಿ'. ಉಳಿದವರಲ್ಲಿ ಹೆಚ್ಚಿನವರು ಪತ್ನಿ ಮಾರ್ಥಾರ ಮೊದಲ ಗಂಡನ ಮನೆತನಕ್ಕೆ ಸೇರಿದವರು. ಅದೇ ವರ್ಷ ವಾಷಿಂಗ್ಟನ್ ಗುಲಾಮರ ಪಟ್ಟಿ ಬರೆದಿಟ್ಟಿದ್ದರು. ಅದರಲ್ಲಿ ಬಹುತೇಕರಿಗೆ ಇರುವುದು ಒಂದೇ ಹೆಸರು. ಆಸ್ತಿಗೆ ಮನೆತನದ ಹೆಸರೇಕೆ?

ತಮ್ಮ ಪಾಲಿನ ಗುಲಾಮರಿಗೆ ಬಿಡುಗಡೆ ಸಿಗಬೇಕೆಂದು ಅವರು ಮರಣಶಾಸನದಲ್ಲಿ ಬರೆದರು. 1801ರ ಜನವರಿ 1ರಂದು ಮಾರ್ಥಾ ಅವರನ್ನು ಬಿಡುಗಡೆ ಮಾಡಿದರು. ಆದರೆ ಮೊದಲ ಗಂಡನ ಮನೆತನದ ಗುಲಾಮರನ್ನು ಬಿಡುವ ಅಧಿಕಾರ ದಂಪತಿಗಳಿಬ್ಬರಿಗೂ ಇರಲಿಲ್ಲ. ಎರಡು ಕಡೆಯವರ ನಡುವೆ ಮದುವೆಗಳಾಗಿದ್ದವು. ಹೀಗಾಗಿ ಒಂದೇ ಸಂಸಾರದಲ್ಲಿ ಗಂಡ ಸ್ವತಂತ್ರ, ಹೆಂಡತಿ ಮಕ್ಕಳು ಗುಲಾಮರು ಎಂಬ ಸ್ಥಿತಿ ಬಂತು. ಮಾರ್ಥಾ 1802ರಲ್ಲಿ ತೀರಿಕೊಂಡ ಮೇಲೆ ಆ ಗುಲಾಮರನ್ನು ಆಕೆಯ ಮೊಮ್ಮಕ್ಕಳಿಗೆ ಹಂಚಲಾಯಿತು.

ಬಿಡುಗಡೆಗಾಗಿ ಕಾಯದೆ ಹೋದವನೂ ಒಬ್ಬನಿದ್ದ. ಆಫ್ರಿಕದಿಂದ ಬಂದು ಮೌಂಟ್ ವರ್ನನ್ ಸೇರಿದ್ದ ಹ್ಯಾರಿ, ಸ್ವಾತಂತ್ರ್ಯ ಯುದ್ಧದ ವೇಳೆ 1776ರಲ್ಲಿ ತಪ್ಪಿಸಿಕೊಂಡು ಬ್ರಿಟಿಷರನ್ನು ಸೇರಿದ. ಅಮೆರಿಕನ್ನರು ಗೆದ್ದ ಮೇಲೆ, 1783ರಲ್ಲಿ ಬ್ರಿಟಿಷರೊಂದಿಗೆ ನ್ಯೂಯಾರ್ಕ್ ಬಿಟ್ಟು ಹೊರಟವರ ದಫ್ತರದಲ್ಲಿ ಅವನ ಹೆಸರು ಹೀಗೆ ದಾಖಲಾಗಿದೆ: ಹ್ಯಾರಿ ವಾಷಿಂಗ್ಟನ್. ಅವನು ಕೆನಡಾದ ನೋವಾ ಸ್ಕಾಷಿಯಾ ತಲುಪಿ, 1792ರಲ್ಲಿ ಅಲ್ಲಿಂದ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನಿಗೆ ಹೋದ. ಒಡೆಯನ ವಿರುದ್ಧ ಪಕ್ಷ ಸೇರಿದ ಗುಲಾಮ ಒಡೆಯನ ಹೆಸರನ್ನೇ ಹೊತ್ತುಕೊಂಡು ಸಾಗರ ದಾಟಿದ!

ಶಾಲೆಯಲ್ಲಿ ಹಾಜರಿ ಕೂಗಿದಾಗ

ಅಮೆರಿಕದಲ್ಲಿ ಗುಲಾಮಗಿರಿ ಪೂರ್ತಿ ರದ್ದಾದದ್ದು 1865ರಲ್ಲಿ. ಸುಮಾರು ನಲವತ್ತು ಲಕ್ಷ ಜನರ ಬಾಳು ಬದಲಾಯಿತು. ಕೂಲಿಯ ಕರಾರಿಗೆ, ಮದುವೆಯ ನೋಂದಣಿಗೆ, ಶಾಲೆಗೆ ಎಲ್ಲಕ್ಕೂ ಈಗ ಎರಡು ಹೆಸರು ಬೇಕು. ಕೆಲವರು ತಮ್ಮೊಳಗೇ ಗುಟ್ಟಾಗಿ ಉಳಿಸಿಕೊಂಡಿದ್ದ ಹೆಸರನ್ನು ಹೊರತಂದರು. ಕೆಲವರು ಹಿಂದಿನ ಒಡೆಯನ ಹೆಸರು ಇಟ್ಟುಕೊಂಡರು. ಇನ್ನು ಕೆಲವರು ತಮಗೆ ಗೌರವವೆನಿಸಿದ ಹೆಸರನ್ನು ಆರಿಸಿಕೊಂಡರು.

ಇಂಥ ಒಂದು ಆಯ್ಕೆ ಹೇಗೆ ನಡೆಯಿತೆಂದು ನಮಗೆ ಚೆನ್ನಾಗಿ ಗೊತ್ತಿದೆ. ಏಕೆಂದರೆ ಆ ಹುಡುಗ ದೊಡ್ಡವನಾಗಿ ಅದನ್ನು ತನ್ನ ಆತ್ಮಕಥೆಯಲ್ಲಿ ಬರೆದ. 1856ರಲ್ಲಿ ವರ್ಜೀನಿಯದ ಹೇಲ್ಸ್ ಫೋರ್ಡ್ ಬಳಿಯ ಹೊಲಮನೆಯೊಂದರಲ್ಲಿ ಅವನು ಗುಲಾಮನಾಗಿ ಹುಟ್ಟಿದ. ಹೆಸರು ಬುಕರ್, ಅಷ್ಟೇ. 1861ರಲ್ಲಿ ಸತ್ತ ಒಡೆಯನ ಆಸ್ತಿ ಪಟ್ಟಿಯಲ್ಲಿ ಅವನಿಗೆ 400 ಡಾಲರ್ ಬೆಲೆ ಕಟ್ಟಲಾಗಿದೆ. ಒಡೆಯನ ಮನೆಯ ಹುಡುಗಿಯ ಪುಸ್ತಕ ಹೊತ್ತು ಶಾಲೆಯ ಬಾಗಿಲ ತನಕ ಹೋಗುತ್ತಿದ್ದ; ಒಳಗೆ ಕಾಲಿಡುವಂತಿರಲಿಲ್ಲ.

ಬಿಡುಗಡೆಯಾದ ಮೇಲೆ ತಾಯಿ ಮಕ್ಕಳನ್ನು ಕರೆದುಕೊಂಡು ಪಶ್ಚಿಮ ವರ್ಜೀನಿಯದ ಮಾಲ್ಡನ್ ಎಂಬ ಊರಿಗೆ ಹೋದಳು. ಅಲ್ಲಿ ಮಲತಂದೆ ಉಪ್ಪು ಕಾಯಿಸುವ ಒಲೆಗಳಲ್ಲಿ ಕೆಲಸ ಮಾಡುತ್ತಿದ್ದ. ಅವನ ಪೀಪಾಯಿಗಳ ಮೇಲೆ ಬರೆಯುತ್ತಿದ್ದ 18 ಎಂಬ ಅಂಕಿಯೇ ಬುಕರ್ ಓದಲು ಕಲಿತ ಮೊದಲ ಬರಹ. ಕಪ್ಪು ಮಕ್ಕಳ ಶಾಲೆ ತೆರೆದಾಗ, ಬೆಳಗಿನ ಜಾವ ಕೆಲಸ ಮಾಡಿ ಒಂಬತ್ತು ಗಂಟೆಗೆ ಶಾಲೆಗೆ ಓಡಬೇಕು, ಶಾಲೆ ಬಿಟ್ಟ ಮೇಲೆ ಮತ್ತೆ ದುಡಿಯಬೇಕು ಎಂಬ ಒಪ್ಪಂದದ ಮೇಲೆ ಅಪ್ಪಣೆ ಸಿಕ್ಕಿತು. ಎಲ್ಲ ಮಕ್ಕಳಿಗೂ ಟೋಪಿ ಇತ್ತು, ಇವನಿಗಿರಲಿಲ್ಲ. ಅಂಗಡಿಯ ಟೋಪಿ ಕೊಳ್ಳಲು ದುಡ್ಡಿಲ್ಲದ ತಾಯಿ ಎರಡು ತುಂಡು ಒರಟು ಬಟ್ಟೆ ಸೇರಿಸಿ ತಾನೇ ಹೊಲಿದುಕೊಟ್ಟಳು.

ಇನ್ನೊಂದು ಕೊರತೆಯೂ ಇತ್ತು. ಮಾಸ್ತರರು ಹಾಜರಿ ಕೂಗುವಾಗ ಎಲ್ಲ ಮಕ್ಕಳೂ ಎರಡು ಹೆಸರು ಹೇಳುತ್ತಿದ್ದರು, ಕೆಲವರು ಮೂರು. ಇವನಿಗೆ ಒಂದೇ. ತನ್ನ ಸರದಿ ಬರುವಷ್ಟರಲ್ಲಿ ಹುಡುಗ ಉಪಾಯ ಹೂಡಿದ. ಹೆಸರು ಕೇಳಿದಾಗ, ಹುಟ್ಟಿದಂದಿನಿಂದ ಅದೇ ಹೆಸರೆಂಬಂತೆ ನಿರಾಳವಾಗಿ 'ಬುಕರ್ ವಾಷಿಂಗ್ಟನ್' ಎಂದ. ಮಲತಂದೆಯ ಹೆಸರು ವಾಷಿಂಗ್ಟನ್ ಫರ್ಗುಸನ್. ಹೆಸರೇನೋ ಮನೆಯಲ್ಲೇ ಇತ್ತು. ತಾಯಿ ತನಗೆ ಟಾಲಿವರ್ ಎಂಬ ಇನ್ನೊಂದು ಹೆಸರಿಟ್ಟಿದ್ದಳೆಂದು ಅವನಿಗೆ ತಿಳಿದದ್ದು ಆಮೇಲೆ. ಅದನ್ನೂ ನಡುವೆ ಸೇರಿಸಿಕೊಂಡು ಬುಕರ್ ಟಿ. ವಾಷಿಂಗ್ಟನ್ ಆದ.

ಈ ಹುಡುಗ 1872ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಸುಮಾರು 800 ಕಿಲೋಮೀಟರ್ ದೂರದ ಹ್ಯಾಂಪ್ಟನ್ ವಿದ್ಯಾಸಂಸ್ಥೆಗೆ ಹೊರಟ. ದುಡ್ಡು ಮುಗಿದಾಗ ನಡೆದ. ರಿಚ್‌ಮಂಡ್ ನಗರದಲ್ಲಿ ಹಲಗೆಯ ಕಾಲುದಾರಿಯ ಕೆಳಗೆ ಮಲಗಿದ. ಅಲ್ಲಿ ಪ್ರವೇಶ ಪರೀಕ್ಷೆಯೆಂದರೆ ಒಂದು ಕೋಣೆ ಗುಡಿಸುವುದು! ಮೂರು ಬಾರಿ ಗುಡಿಸಿ, ನಾಲ್ಕು ಬಾರಿ ಧೂಳು ಒರೆಸಿ ತೇರ್ಗಡೆಯಾದ. 1881ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ತಾನೇ ಒಂದು ವಿದ್ಯಾಸಂಸ್ಥೆಯನ್ನು ಆರಂಭಿಸಿ, 1915ರಲ್ಲಿ ತೀರಿಕೊಳ್ಳುವ ತನಕ ಅದನ್ನು ನಡೆಸಿದ. ಅದು ಇಂದು ಟಸ್ಕೀಗಿ ವಿಶ್ವವಿದ್ಯಾಲಯ.

ನಕಾಶೆ ಹೇಳುವುದು

ಒಂದು ಮನೆತನದ ಹೆಸರು ಎಲ್ಲೆಲ್ಲಿ ಹರಡಿದೆ ಎಂದು ನಕಾಶೆಯಲ್ಲಿ ಗುರುತು ಹಾಕಿದರೆ ರಕ್ತಸಂಬಂಧ ಕಾಣುತ್ತದೆಂದು ನಾವು ಭಾವಿಸುತ್ತೇವೆ. ವಾಷಿಂಗ್ಟನ್ ಎಂಬ ಹೆಸರಿನ ಮಟ್ಟಿಗೆ ಅದು ಸುಳ್ಳು. ಜಾರ್ಜ್ ವಾಷಿಂಗ್ಟನ್ನರಿಗೆ ಸ್ವಂತ ಮಕ್ಕಳೇ ಇರಲಿಲ್ಲ. ಇಂದು ಈ ಹೆಸರುಳ್ಳ ಒಂದೂವರೆ ಲಕ್ಷಕ್ಕೂ ಮಿಕ್ಕ ಕಪ್ಪು ಜನರೆಲ್ಲ ಮೌಂಟ್ ವರ್ನನ್ ಗುಲಾಮರ ವಂಶದವರೆಂದೂ ಹೇಳಲಾಗದು. ಅಲ್ಲಿ ಬಿಡುಗಡೆಯಾದವರು 123 ಮಂದಿ ಮಾತ್ರ. ವಿಲಿಯಂ ಸರದಾರನಿಗೆ ಈ ಹೆಸರು ಜಮೀನಿನ ಜೊತೆ ಬಂತು. ಜಾರ್ಜ್‌ಗೆ ತಂದೆಯಿಂದ ಬಂತು. ಬುಕರ್‌ಗೆ ಯಾರೂ ಕೊಡಲಿಲ್ಲ, ತಾನೇ ತೆಗೆದುಕೊಂಡ. ಹೆಸರು ಹಾಗೆ ಆರಿಸಿಕೊಂಡವರ ಮನೆಗಳಲ್ಲೇ ಇಂದು ಹೆಚ್ಚಾಗಿ ಉಳಿದಿದೆ. ಡೆಂಜೆಲ್ ವಾಷಿಂಗ್ಟನ್ 1954ರಲ್ಲಿ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಮೌಂಟ್ ವರ್ನನ್ ಎಂಬ ಊರಿನಲ್ಲಿ. ಊರಿಗೆ ಆ ಹೆಸರು ಬಂದದ್ದು ಜಾರ್ಜ್ ವಾಷಿಂಗ್ಟನ್ನರ ಎಸ್ಟೇಟಿನಿಂದಲೇ. ಅವರಿಗೆ ಮೊದಲ ಆಸ್ಕರ್ ತಂದುಕೊಟ್ಟ 'ಗ್ಲೋರಿ' ಚಿತ್ರದಲ್ಲಿ ಅವರದು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಸೈನ್ಯ ಸೇರಿದವನ ಪಾತ್ರ.

ಅಂಚೆಚೀಟಿ ಕೂಡಿಡುವ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ವಿಷಯ. ಅಮೆರಿಕ ಸರ್ಕಾರ 1847ರಲ್ಲಿ ತನ್ನ ಮೊದಲ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲೊಂದರ ಮೇಲೆ ಜಾರ್ಜ್ ವಾಷಿಂಗ್ಟನ್ ಇದ್ದರು. 1940ರಲ್ಲಿ ಮೊದಲ ಬಾರಿಗೆ ಕಪ್ಪು ಅಮೆರಿಕನ್ನರೊಬ್ಬರು ಅಂಚೆಚೀಟಿಯ ಮೇಲೆ ಕಾಣಿಸಿಕೊಂಡರು. ಅವರು ಬುಕರ್ ಟಿ. ವಾಷಿಂಗ್ಟನ್. ಎರಡು ಚೀಟಿಗಳ ಬೆಲೆಯೂ ಒಂದೇ: ಹತ್ತು ಸೆಂಟ್.