ಬಿಯರ್ ಫ್ಯಾಕ್ಟರಿಯಲ್ಲಿ ಅಣ್ಣನ ಕ್ಯಾಸಿಯೋ

ಸ್ವಿಟ್ಜರ್ಲೆಂಡಿಗೆ ಹೋಗಿ ಬಂದೆ ಎಂದರೆ ಸಾಕು, ನಮ್ಮ ಬೀದಿಯ ಹೆಂಗಸರೆಲ್ಲ ಕೇಳುವುದು ಒಂದೇ. “ಹಿಮದ ಬೆಟ್ಟ ನೋಡಿದ್ರಾ? ಸಿನಿಮಾದಲ್ಲಿ ಕುಣೀತಾರಲ್ಲ, ಆ ಜಾಗಕ್ಕೆ ಹೋಗಿದ್ರಾ?” ನೋಡಿದೆ, ಹೋಗಿದ್ದೆ. ಆ ಫೋಟೋಗಳನ್ನು ಎಲ್ಲರಿಗೂ ತೋರಿಸಿಯೂ ಆಯಿತು. ಯಾರಿಗೂ ಹೇಳದೆ ಉಳಿದದ್ದೆಂದರೆ ಒಂದು ಹಳೇ ಬಿಯರ್ ಫ್ಯಾಕ್ಟರಿಗೆ ಹೋಗಿದ್ದ ಸಂಗತಿ. ಬಿಯರ್ ಎಂದೊಡನೆ ಹುಬ್ಬೇರಿಸಬೇಡಿ! ಅಲ್ಲೀಗ ಬಿಯರ್ ಕಾಯಿಸುವುದಿಲ್ಲ. ವಾದ್ಯಗಳನ್ನು ಇಟ್ಟಿದ್ದಾರೆ.

ನನ್ನ ತಮ್ಮ ಬರ್ನ್ ಊರಿನಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಇವರೂ ನಾನೂ ಹದಿನೈದು ದಿನ ಅವನ ಮನೆಯಲ್ಲಿದ್ದೆವು. ಒಂದು ದಿನ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ, ಥೇಟ್ ನಮ್ಮ ಸಾಗರದ ಆಷಾಢದ ಹಾಗೆ. ಬೆಟ್ಟಕ್ಕೆ ಹೋದರೆ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ. “ಅಕ್ಕಾ, ಫ್ರಿಬೋರ್ಗಿಗೆ ಹೋಗಿ ಬರೋಣ. ಅಲ್ಲಿ ಹಳೇ ಸಿಂಥಸೈಜರ್‌ಗಳನ್ನ ಇಟ್ಟಿದ್ದಾರೆ” ಎಂದ ತಮ್ಮ. ಇವರು “ನೀವಿಬ್ಬರೂ ಹೋಗಿ ಬನ್ನಿ” ಎಂದು ಕಂಬಳಿ ಹೊದ್ದು ಮಲಗಿದರು.

ಬರ್ನ್‌ನಿಂದ ರೈಲಿನಲ್ಲಿ ಇಪ್ಪತ್ತು ನಿಮಿಷದ ಹಾದಿ, ಅಷ್ಟರಲ್ಲೇ ಭಾಷೆ ಬದಲಾಗುತ್ತದೆ! ಬರ್ನ್‌ನವರು ಜರ್ಮನ್ ಆಡುತ್ತಾರೆ, ಫ್ರಿಬೋರ್ಗಿನಲ್ಲಿ ಹೆಚ್ಚಾಗಿ ಫ್ರೆಂಚ್. ಸಾರೀನ್ ಎಂಬ ಹೊಳೆಯ ದಂಡೆಯಲ್ಲಿ ಕೆಳಗಿನ ಪೇಟೆ, ಗುಡ್ಡದ ನೆತ್ತಿಯಲ್ಲಿ ಮೇಲಿನ ಪೇಟೆ. ಎರಡಕ್ಕೂ ನಡುವೆ 1899ರಲ್ಲಿ ಮಾಡಿದ ಒಂದು ಪುಟ್ಟ ರೈಲಿದೆ. ಅದಕ್ಕೆ ಕರೆಂಟೂ ಬೇಡ, ಡೀಸೆಲ್ಲೂ ಬೇಡ. ಮೇಲಿನ ಪೇಟೆಯ ಕೊಳಚೆ ನೀರನ್ನು ಮೇಲಿನ ಬಂಡಿಯ ತೊಟ್ಟಿಗೆ ತುಂಬುತ್ತಾರೆ. ಆ ಭಾರಕ್ಕೆ ಅದು ಇಳಿಯುತ್ತದೆ, ಹಗ್ಗದ ಆ ತುದಿಯ ಬಂಡಿ ಮೇಲಕ್ಕೆ ಏರುತ್ತದೆ. ನಮ್ಮ ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ ಅನ್ನಿ. ವಾಸನೆ ಸ್ವಲ್ಪ ಇದೆ, ಸುಳ್ಳು ಹೇಳುವುದಿಲ್ಲ. ಬಚ್ಚಲು ನೀರಿನಿಂದ ನೂರು ವರ್ಷಕ್ಕೂ ಮಿಕ್ಕಿ ರೈಲು ಓಡಿಸುತ್ತಿರುವ ಊರು ಹಳೇ ವಾದ್ಯಗಳನ್ನು ಬಿಸಾಡುವುದುಂಟೇ!

ಊಟಕ್ಕೆ ಫಾಂಡ್ಯೂ. ಚೀಸ್ ಕರಗಿಸಿ ಬ್ರೆಡ್ಡು ಅದ್ದಿ ತಿನ್ನುವುದು. ಅದಕ್ಕೆ ಸಾಮಾನ್ಯವಾಗಿ ವೈನ್ ಹಾಕುತ್ತಾರಂತೆ. ಆದರೆ ಫ್ರಿಬೋರ್ಗಿನದೇ ಆದ ವಾಶ್ರಾಂ ಎಂಬ ಚೀಸಿನ ಫಾಂಡ್ಯೂಗೆ ಬರೇ ನೀರು, ಸಣ್ಣ ಉರಿ ಸಾಕು. ತಮ್ಮ ನನಗಾಗಿ ಅದನ್ನೇ ಹೇಳಿದ. ಚೀಸಿಗೆ ಇನ್ನೇನೇನು ಹಾಕುತ್ತಾರೋ, ಕೇಳಲು ಹೋಗಲಿಲ್ಲ. ರುಚಿಯಾಗಿತ್ತು. ಉಪ್ಪಿನಕಾಯಿ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಕಾರ್ಡಿನಲ್ ಎಂಬ ಬಿಯರ್ ಫ್ಯಾಕ್ಟರಿ 2011ರಲ್ಲಿ ಮುಚ್ಚಿಹೋಯಿತು. ಆ ಜಾಗಕ್ಕೆ ಈಗ ಬ್ಲೂಫ್ಯಾಕ್ಟರಿ ಎಂದು ಹೆಸರು. ಅಲ್ಲಿದೆ ಎಲೆಕ್ಟ್ರಾನಿಕ್ ವಾದ್ಯಗಳ ಸಂಗ್ರಹಾಲಯ, ಸ್ಮೆಮ್ ಎಂದು ಕರೆಯುತ್ತಾರೆ. ಸಂಗ್ರಹಾಲಯ ಎಂದರೆ ನಾನು ಗಾಜಿನ ಪೆಟ್ಟಿಗೆ, ‘ಮುಟ್ಟಬಾರದು’ ಎಂಬ ಬೋರ್ಡು ಎಂದುಕೊಂಡಿದ್ದೆ. ಒಳಗೆ ಹೋದರೆ ನಮ್ಮ ಅಡಿಕೆ ಮಂಡಿಯ ಗೋದಾಮಿನ ಹಾಗೆ ಸಾಲುಸಾಲು ಕಬ್ಬಿಣದ ಸ್ಟ್ಯಾಂಡು. ನೆಲದಿಂದ ಸೂರಿನವರೆಗೆ ಬರೇ ವಾದ್ಯಗಳು! ಐದು ಸಾವಿರದಷ್ಟಿವೆಯಂತೆ. ಇಷ್ಟೂ ಮೊದಲು ಒಬ್ಬ ಮನುಷ್ಯನ ಸಂಗ್ರಹ. ಕ್ಲೆಮೆನ್ಸ್ ನಿಕ್ಲಾಸ್ ಟ್ರೆಂಕ್ಲೆ ಎಂದು ಆತನ ಹೆಸರು, ಬಾಸೆಲ್ ಊರಿನ ನಟ. ನನಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಇದನ್ನೆಲ್ಲ ಮನೆಯಲ್ಲಿಟ್ಟುಕೊಂಡಿದ್ದರೆ ಧೂಳು ಹೊಡೆಯುವವರು ಯಾರು!

ತೋರಿಸಲು ಬಂದ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು, ತಮ್ಮ ನನಗೆ ಕನ್ನಡದಲ್ಲಿ ಹೇಳಿದ. ಹಾರ್ಮೋನಿಯಂನಲ್ಲಿ ತಿದಿ ಒತ್ತಿದರೆ ಗಾಳಿ ಹಾದು ರೀಡು ನಡುಗುತ್ತದೆ, ನಾದ ಬರುತ್ತದೆ. ಇದರಲ್ಲಿ ಗಾಳಿಯಿಲ್ಲ, ತಂತಿಯಿಲ್ಲ, ಚರ್ಮವೂ ಇಲ್ಲ. ಕರೆಂಟನ್ನೇ ಸೆಕೆಂಡಿಗೆ ನೂರಾರು ಸಲ ಏರಿಳಿಯುವಂತೆ ಮಾಡಿ ಸ್ಪೀಕರಿಗೆ ಬಿಡುತ್ತಾರೆ. ಆ ಒರಟು ನಾದವನ್ನು ಫಿಲ್ಟರಿನಲ್ಲಿ ಹಾಯಿಸುವುದು, ನಾವು ಹಿಟ್ಟು ಜರಡಿ ಹಿಡಿದಂತೆ. ಜರಡಿಯ ಕಣ್ಣು ಸಣ್ಣದು ಮಾಡಿದರೆ ಕೊಳಲಿನ ನುಣುಪು, ಬಿಟ್ಟರೆ ತರಿತರಿ, ಹಿತ್ತಾಳೆ ಕಹಳೆಯ ಹಾಗೆ.

1970ರ ಹೊತ್ತಿನ ಮಿನಿಮೂಗ್ ಎಂಬುದನ್ನು ಮುಟ್ಟಿ ನೋಡಿದೆ. ಮರದ ಚೌಕಟ್ಟು, ತುಂಬಾ ತಿರುಪುಗಳು. ಒಂದು ಸಲಕ್ಕೆ ಒಂದೇ ಸ್ವರ, ಎರಡು ಮನೆ ಒತ್ತಿದರೂ ಒಂದೇ ನುಡಿಯುತ್ತದೆ. ಬಿಸಿಯಾಗುವವರೆಗೆ ಶ್ರುತಿ ನಿಲ್ಲುವುದಿಲ್ಲ, ಜಾರುತ್ತದೆ. ನೆನಪೆಂಬುದೇ ಅದಕ್ಕಿಲ್ಲ. ಇವತ್ತು ಒಂದು ಒಳ್ಳೆಯ ನಾದ ಸಿಕ್ಕಿತೋ, ಯಾವ ತಿರುಪು ಎಲ್ಲಿತ್ತೆಂದು ಕಾಗದದಲ್ಲಿ ಬರೆದಿಡಬೇಕು. ನಾಳೆ ಹಾಗೇ ಇಟ್ಟರೂ ಕೂದಲೆಳೆಯಷ್ಟು ಬೇರೆ. ನಮ್ಮಮ್ಮನ ಸಾರಿನ ಪುಡಿಯೂ ಹೀಗೇ. ಅಳತೆ ಬರೆದುಕೊಂಡಿದ್ದೇನೆ, ಆ ರುಚಿ ಬರುವುದಿಲ್ಲ. ಆಮೇಲೆ 1978ರಲ್ಲಿ ನೆನಪಿಟ್ಟುಕೊಳ್ಳುವ ಪ್ರಾಫೆಟ್-5 ಬಂತು. 1983ರಲ್ಲಿ ಯಮಹಾದವರ ಡಿಎಕ್ಸ್-7 ಬಂತು, ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಜನ ಹಳೆಯದನ್ನು ಸಿಕ್ಕಿದ ಬೆಲೆಗೆ ಕೊಟ್ಟು ಕೈತೊಳೆದುಕೊಂಡರು. ಈಗ ಅದೇ ಹಳೆಯದಕ್ಕೆ ಲಕ್ಷಗಟ್ಟಲೆ ಬೆಲೆ! ಹಿತ್ತಾಳೆ ಪಾತ್ರೆ ಹಾಕಿ ಸ್ಟೀಲು ತಗೊಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

“ಇಂಡಿಯಾದವರಾ?” ಎಂದು ಆ ಹುಡುಗಿ ಕೇಳಿ, ನಮ್ಮ ದೇಶದ್ದೇ ಒಂದು ಕಥೆ ಹೇಳಿದಳು. 1969ರಲ್ಲಿ ಡೇವಿಡ್ ಟ್ಯೂಡರ್ ಎಂಬ ಅಮೆರಿಕದ ಸಂಗೀತಗಾರ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ದೊಡ್ಡದೊಂದು ಮೂಗ್ ಯಂತ್ರ ಕೂಡಿಸಿಕೊಟ್ಟನಂತೆ. ಹಳೇ ಟೆಲಿಫೋನ್ ಎಕ್ಸ್‌ಚೇಂಜಿನ ಹಾಗೆ ವೈರು ಚುಚ್ಚಿ ನುಡಿಸುವಂಥದು. ನಮ್ಮವರೇ ಕೆಲವರು ಅದರಲ್ಲಿ ಸಂಗೀತ ಮಾಡಿದರು. ಅವರಲ್ಲಿ ಗೀತಾ ಸಾರಾಭಾಯಿ ಒಬ್ಬರು. ಹೆಂಗಸರು ಮುಟ್ಟದಿದ್ದ ಪಖವಾಜ್ ಕಲಿತ ಗಟ್ಟಿಗಿತ್ತಿ ಆಕೆ. ಆ ಟೇಪುಗಳು ಸಂಸ್ಥೆಯ ಕಪಾಟಿನಲ್ಲಿ ಹಾಗೇ ಬಿದ್ದಿದ್ದವು. ಪಾಲ್ ಪರ್ಗಸ್ ಎಂಬ ಇಂಗ್ಲೆಂಡಿನ ಕಲಾವಿದರು 2017ರಲ್ಲಿ ಅವನ್ನು ಕಂಡರು, 2023ರಲ್ಲಿ ರೆಕಾರ್ಡ್ ಆಗಿ ಹೊರಗೆ ಬಂತು. ಮುಂಬಯಿಯ ಚರಣಜಿತ್ ಸಿಂಗ್ ಕಥೆಯೂ ಇಂಥದೇ. ಸಿನಿಮಾ ವಾದ್ಯವೃಂದದಲ್ಲಿದ್ದ ಅವರು 1982ರಲ್ಲಿ ಜಪಾನಿನ ರೋಲ್ಯಾಂಡ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಹಾಲೆಂಡಿನವರೊಬ್ಬರು ಮತ್ತೆ ಹೊರತಂದ ಮೇಲೆ, ಮುದಿ ವಯಸ್ಸಿನಲ್ಲಿ ಆತನನ್ನು ಯೂರೋಪಿಗೆ ಕರೆಸಿ ಕೇಳಿದರು. 2015ರಲ್ಲಿ ತೀರಿಕೊಂಡರು. ಕೇಳಿ ನನಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ನಮ್ಮ ಮನೆಯ ವಸ್ತು ಪಕ್ಕದ ಮನೆಯವರು ಹುಡುಕಿಕೊಟ್ಟ ಹಾಗೆ!

ಗೋದಾಮಿನ ಆಚೆ ನುಡಿಸುವ ಕೋಣೆ. ಮೊದಲೇ ತಿಳಿಸಿ ಬಂದರೆ ಯಾರು ಬೇಕಾದರೂ ಕುಳಿತು ನುಡಿಸಬಹುದು. ಆರೇಳು ಮಂದಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಹೊರಗಿನವರಿಗೆ ಒಂದು ಚೂರೂ ಕೇಳಿಸದಂತೆ, ತಲೆ ಅಲ್ಲಾಡಿಸುತ್ತ ಕುಳಿತಿದ್ದರು. ನೋಡಿ ನಗು ಬಂತು. ಒಬ್ಬ ಮುದುಕರು ಅರ್ಧ ಗಂಟೆಯಿಂದ ಒಂದೇ ತಿರುಪನ್ನು ಅತ್ತಿತ್ತ ಆಡಿಸುತ್ತಿದ್ದರು. ನನ್ನನ್ನು ಕಂಡು ಹೆಡ್‌ಫೋನ್ ತೆಗೆದು ಕೊಟ್ಟರು. ಕೇಳಿದೆ. ದೊಡ್ಡ ತಂಬೂರಿಯ ಝೇಂಕಾರ, ಒಳಗೊಳಗೇ ಬಣ್ಣ ಬದಲಾಗುತ್ತಿತ್ತು. ಆಗ ನಗು ನಿಂತಿತು. ನುಡಿಸದೆ ಇಟ್ಟರೆ ಈ ಯಂತ್ರಗಳು ಸಾಯುತ್ತವಂತೆ. ಸ್ವಿಚ್ಚು ಕಿಲುಬು ಹಿಡಿಯುತ್ತದೆ, ಒಳಗಿನ ಬ್ಯಾಟರಿ ಸೋರಿ ಬೋರ್ಡನ್ನೇ ತಿನ್ನುತ್ತದೆ.

ಬ್ಯಾಟರಿಯ ಮಾತು ಬಂದಾಗಲೇ ನನ್ನ ಎದೆ ಡವಗುಟ್ಟಿತ್ತು. ಅಷ್ಟರಲ್ಲಿ ತಮ್ಮ ಆ ಮೂಲೆಯಿಂದ ಕೂಗಿದ. “ಅಕ್ಕಾ, ಇಲ್ಲಿ ನೋಡು! ಅಣ್ಣನ ಕ್ಯಾಸಿಯೋ!”

ಅದೇ. ಬಿಳಿ ಪ್ಲಾಸ್ಟಿಕ್ ಮೈ, 37 ಪುಟ್ಟ ಮನೆಗಳು, ಎಡಗಡೆ ಗುಂಡಿಗಳ ಸಾಲು. ಕ್ಯಾಸಿಯೋಟೋನ್ ಎಂಟಿ-40. 1985ರಲ್ಲಿ ಮಸ್ಕತ್ತಿನಲ್ಲಿದ್ದ ಸೋದರಮಾವ ತಂದುಕೊಟ್ಟಿದ್ದು. ನಾನಾಗ ಒಂದನೇ ಕ್ಲಾಸು. ಅಣ್ಣ ಅದನ್ನು ಹಿಡಿದುಕೊಂಡೇ ವಾದ್ಯಗೋಷ್ಠಿ ಸೇರಿದ. ಗಣಪತಿ ಹಬ್ಬ ಬಂತೆಂದರೆ ಹದಿನೈದು ದಿನ ಮನೆಗೆ ಬರುತ್ತಿರಲಿಲ್ಲ. ಹಾಡು ಶುರುವಾಗುವ ಮೊದಲು ‘ರಾಕ್’ ಎಂಬ ತಾಳ ಹಾಕಿ ಒಂದು ನಿಮಿಷ ಬಿಡುತ್ತಿದ್ದ, ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ತಾಳ ಮಾಡಿದವರು ಯಾರೆಂದು ಅಲ್ಲಿ ತಿಳಿಯಿತು. ಒಕುಡಾ ಹಿರೋಕೊ ಎಂಬಾಕೆ, ಸಂಗೀತ ಕಾಲೇಜು ಮುಗಿಸಿ 1980ರಲ್ಲಿ ಕ್ಯಾಸಿಯೋ ಕಂಪನಿ ಸೇರಿದ ಹುಡುಗಿ! 1985ರಲ್ಲಿ ಜಮೈಕಾದ ಗಾಯಕರು ಅದೇ ತಾಳದ ಮೇಲೆ ಹಾಡು ಕಟ್ಟಿದರು, ಆಮೇಲೆ ನೂರಾರು ಹಾಡು ಬಂದವಂತೆ. ಅದೇ ವರ್ಷ ನಮ್ಮನೆ ಜಗಲಿಯಲ್ಲೂ ಅದು ನುಡಿಯುತ್ತಿತ್ತು.

“ಅಣ್ಣಂದು ಈಗ ಎಲ್ಲಿದೆ?” ಎಂದ ತಮ್ಮ.

ಅಮ್ಮ ಹೋದ ಮೇಲೆ ತವರುಮನೆ ಖಾಲಿ ಮಾಡಿದವಳು ನಾನು. ಅಟ್ಟದಲ್ಲಿ ಹಳೇ ಸೀರೆಯಲ್ಲಿ ಸುತ್ತಿ ಇಟ್ಟಿತ್ತು. ಬ್ಯಾಟರಿ ಸೋರಿ ಹಸಿರು ಕಟ್ಟಿತ್ತು. ಗುಜರಿಯವನು ಬಾಗಿಲಲ್ಲಿ ನಿಂತಿದ್ದ, ಪ್ಲಾಸ್ಟಿಕ್ಕಿನ ಲೆಕ್ಕದಲ್ಲಿ ತೂಗಿ ಕೊಟ್ಟುಬಿಟ್ಟೆ. ಆರು ತಿಂಗಳ ಮೇಲೆ ಅಣ್ಣ ಕೇಳಿದಾಗ “ನಮ್ಮನೆ ಅಟ್ಟದಲ್ಲಿದೆ” ಎಂದು ಸುಳ್ಳು ಹೇಳಿದ್ದೆ. ಅವನು ಮತ್ತೆ ಕೇಳಿರಲಿಲ್ಲ.

ತಮ್ಮನಿಗೆ ಇದ್ದದ್ದು ಹೇಳಿದೆ. ಅವನು ಬೈಯುತ್ತಾನೇನೋ ಎಂದುಕೊಂಡರೆ, ಸುಮ್ಮನೆ ಮೊಬೈಲು ತೆಗೆದು ಅಣ್ಣನಿಗೆ ವೀಡಿಯೋ ಕಾಲ್ ಹಚ್ಚಿ ನನ್ನ ಕೈಗಿಟ್ಟ! ಊರಲ್ಲಿ ಸಂಜೆ ಆರೂವರೆ, ಅಣ್ಣ ತನ್ನ ರಿಪೇರಿ ಅಂಗಡಿಯಲ್ಲಿದ್ದ. ವಾದ್ಯ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದ.

“ಅಣ್ಣಾ, ನಿಂದನ್ನ ನಾನು ಗುಜರಿಗೆ ಹಾಕಿಬಿಟ್ಟೆ ಕಣೋ.”

“ಗೊತ್ತು ಮಾರಾಯ್ತಿ. ಗುಜರಿಯವನು ಸರಿಯಾಗ್ತದಾ ನೋಡಿ ಅಂತ ನನ್ನ ಹತ್ತಿರಾನೇ ತಂದಿದ್ದ. ಬೋರ್ಡು ಪೂರ್ತಿ ತಿಂದುಹೋಗಿತ್ತು.”

“ಮತ್ತೆ ನನ್ನನ್ಯಾಕೆ ಕೇಳಿದೆ?”

“ಏನು ಹೇಳ್ತೀಯ ನೋಡೋಣ ಅಂತ” ಎಂದು ನಕ್ಕ. ನನಗೆ ನಗಲಾಗಲಿಲ್ಲ. “ಅದು ಹೋಗಲಿ, ಆನ್ ಇದ್ರೆ ರಾಕ್ ಹಾಕೇ.”

ಹಾಕಿದೆ. ವಾದ್ಯದ ಪುಟ್ಟ ಸ್ಪೀಕರಿಗೆ ಮೊಬೈಲು ಹಿಡಿದೆ. ಅಂಗಡಿಯಲ್ಲಿ ಯಾರೋ ಗಿರಾಕಿ ಕರೆದರು, ಅಣ್ಣ ಕೈ ಎತ್ತಿ ತಡೆಯಿರಿ ಎಂದ. ಬೆರಳುಗಳು ಗಾಜಿನ ಕೌಂಟರಿನ ಮೇಲೆ ಮನೆ ಹುಡುಕತೊಡಗಿದವು. ನಾಲ್ಕು ನಿಮಿಷ ಹಾಗೇ ನಿಂತಿದ್ದೆವು, ಹಿಂದೆ ಕಾಯುತ್ತಿದ್ದ ಹುಡುಗನಿಗೆ ಜಾಗ ಬಿಡಬೇಕಾಗಿ ಬರುವವರೆಗೆ.