ಹಿತ್ತಿಲ ಹುಣಸೆಯ ಮರ



ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. ಆ ಊರಿನ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಹುಣಸೆಯ ಮರವಿತ್ತು. ಮುಂಗಾರು ಹಿಡಿಯಿತೆಂದರೆ ಬೆಳ್ಳಕ್ಕಿಗಳು ಅದರ ಕೊಂಬೆಕೊಂಬೆಗೂ ಗೂಡು ಕಟ್ಟುತ್ತಿದ್ದವು. ಮರ ಹೂ ಬಿಡುವ ಕಾಲವೂ ಅದೇ. ಹಿಕ್ಕೆ ಬಿದ್ದು ಹೂವೆಲ್ಲ ಸುಟ್ಟಂತಾಗಿ, ಸುಗ್ಗಿಯಲ್ಲಿ ಮರ ಬಡಿದರೆ ಒಂದು ಮಂಕರಿ ಹಣ್ಣೂ ದೊರೆಯುತ್ತಿರಲಿಲ್ಲ.

ನಾನು ಕಾಲೇಜು ಸೇರಿದಾಗ ಶ್ರೀಮಠದ ಪ್ರಸಾದ ನಿಲಯದ ಕೃಪೆಯಿಂದ ಅನ್ನಕ್ಕೂ ವಸತಿಗೂ ಚಿಂತೆಯಿರಲಿಲ್ಲ. ಶುಲ್ಕಕ್ಕೆ ಮಾತ್ರ ಹಣ ಬೇಕಾಗಿತ್ತು. ತಂದೆಯವರು ಫಲವಿಲ್ಲದ ಆ ಮರವನ್ನು ಇಟ್ಟಿಗೆ ಗೂಡಿನವರಿಗೆ ಮಾರಿದರು. ಮರ ಉರುಳಿದಾಗ ಗೂಡುಗಳಲ್ಲಿ ಮರಿಗಳಿದ್ದವೆಂದು ಅವ್ವ ಆಮೇಲೆ ಹೇಳಿದಳು. ಜೀವದಯೆಯನ್ನು ಕುರಿತು ಶಿವಾನುಭವ ಗೋಷ್ಠಿಯಲ್ಲಿ ಮಾತನಾಡಿ ನಾನು ಬಹುಮಾನ ಪಡೆದದ್ದೂ ಅದೇ ವರ್ಷ. ಇದನ್ನು ತಮ್ಮಿಂದ ಮುಚ್ಚಿಡಲಾರೆ.

ಬಹುಕಾಲದ ಮೇಲೆ ನಮ್ಮ ಮಂಡ್ಯ ಜಿಲ್ಲೆಯದೇ ಆದ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗುವ ಯೋಗ ಒದಗಿತು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಣ ಹುಣಸೆಯ ಮರಗಳಲ್ಲೇ ಸಂಸಾರ ಹೂಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಅವನ್ನು ಭಾವಿಸುತ್ತಾರೆ. ಆದರೆ ಭಾವನೆಯೊಂದರಿಂದಲೇ ಮರ ಉಳಿಯದು. ನಮ್ಮ ಅವ್ವನಿಗೂ ಭಾವನೆಯಿತ್ತು. 1970ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿನ ಮಹತ್ವವನ್ನು ಗುರುತಿಸಿದ ಮೇಲೆ, ಹಣ್ಣಿನ ನಷ್ಟಕ್ಕಾಗಿ ಮರದ ಒಡೆಯರಿಗೆ ಇಲಾಖೆಯಿಂದ ಪರಿಹಾರಧನ ದೊರೆಯತೊಡಗಿತು. 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಸಂಸ್ಥೆಯವರು ಊರವರೊಡನೆ ಕೂಡಿ ದುಡಿದರು. ಹೆಜ್ಜಾರ್ಲೆ ಬಳಗವೆಂಬ ಗ್ರಾಮಸ್ಥರ ಸಂಘವೂ ಹುಟ್ಟಿತು. ಗೂಡಿನಿಂದ ಕೆಳಗೆ ಬಿದ್ದ ಮರಿಗೆ ತಾಯಿಹಕ್ಕಿ ಮತ್ತೆ ಉಣಿಸುವುದಿಲ್ಲ. ಅಂಥ ಅನಾಥ ಮರಿಗಳನ್ನು ಬಲೆಯ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಬಿಡುತ್ತಿದ್ದರು. ದಾಸೋಹವೆಂಬ ಮಾತು ನನ್ನ ನೆನಪಿಗೆ ಬಂದದ್ದು ಆ ಬಲೆಯ ಮುಂದೆ. 2007ರಲ್ಲಿ ಆ ಸ್ಥಳವು ಸಮುದಾಯ ಮೀಸಲು ಪ್ರದೇಶವಾಯಿತು.

ತೊಣ್ಣೂರಿಗೆ ಸಮೀಪದ ರಂಗನತಿಟ್ಟು ಇದಕ್ಕೂ ಹಿಂದಿನದು. ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಅರಸರ ಸರ್ಕಾರವು ಅದನ್ನು 1940ರಲ್ಲಿಯೇ ಪಕ್ಷಿಧಾಮವೆಂದು ಸಾರಿತು. 2022ರಲ್ಲಿ ಅದಕ್ಕೆ ರಾಮ್ಸಾರ್ ಮನ್ನಣೆಯೂ ಸಂದಿತು. ಹಿರಿದಾದ ಕಾರ್ಯವೇ ಸರಿ. ಆದರೆ ಹೊಳೆಯ ನಡುವಣ ದಿಬ್ಬಗಳಿಗೆ ಕಾವಲುಗಾರನನ್ನು ನೇಮಿಸಬಹುದು. ಬಡವನ ಹಿತ್ತಿಲಿಗೆ ನೇಮಿಸಲಾದೀತೆ? ಅಲ್ಲಿ ಹಕ್ಕಿಯ ಖರ್ಚಿನಲ್ಲಿ ಯಾರಾದರೂ ಪಾಲುಗಾರರಾಗಲೇಬೇಕು.

ಬೆಳ್ಳೂರಿನವರಿಗೂ ಎಲ್ಲವೂ ಕೈಗೂಡಿತೆಂದಲ್ಲ. 2017ರ ಕೊನೆಯಿಂದ ಕೆಲವು ತಿಂಗಳ ಕಾಲ ಹೆಜ್ಜಾರ್ಲೆಗಳು ಒಂದರ ಹಿಂದೊಂದರಂತೆ ಸತ್ತವು. ಮೀನಿನ ಮೂಲಕ ಹೊಟ್ಟೆ ಸೇರಿದ ಹುಳುಗಳೇ ಕಾರಣವೆಂದು ತಿಳಿದವರು ಹೇಳಿದರು. ಆ ಹಕ್ಕಿಗಳು ಮೀನಿಗಾಗಿ ದೂರದೂರದ ಕೆರೆಗಳಿಗೆ ಹಾರುವಂಥವು. ಒಂದೂರಿನ ಕೆರೆಯ ಕೊಳೆ ಇನ್ನೊಂದೂರಿನ ಗೂಡಿಗೆ ತಲಪಲು ಎಷ್ಟು ಹೊತ್ತು?

ಅಂದು ಬೆಳ್ಳೂರಿನಿಂದ ಮರಳಿದಾಗ ತಂದೆಯವರಿನ್ನೂ ಇದ್ದರು. ಕಂಡದ್ದನ್ನೆಲ್ಲ ಹೇಳಿದೆ. “ಮರಕ್ಕೆ ದುಡ್ಡು ಕೊಡ್ತಾರಾ?” ಎಂದು ಕೇಳಿ, ಬಹಳ ಹೊತ್ತು ಹಿತ್ತಿಲ ಕಡೆಗೆ ನೋಡುತ್ತ ಕುಳಿತರು. ಆಮೇಲೆ, “ನಮ್ಮನ್ನ ಯಾರೂ ಕೇಳ್ಲಿಲ್ಲ ಕಣಪ್ಪ” ಎಂದರು. ಮರವಿದ್ದ ಜಾಗದಲ್ಲಿ ಆಗಲೇ ದನದ ಕೊಟ್ಟಿಗೆ ಎದ್ದಿತ್ತು.